ಮಿರ್ಜಾನದ ಜೇಡವನ್ನು ಹುಡುಕಿ ಇಂಗ್ಲೆಂಡಿಗೆ

ವಿಮಾನ ನಿಲ್ದಾಣ

“ನಮ್ಮ ದೇಶಕ್ಕೆ ಬಂದ ಉದ್ದೇಶ?” ಎಂದು ಗಾಜಿನಾಚೆ ಕುಳಿತ ಅಧಿಕಾರಿ ಕೇಳಿದ.

“ಒಂದು ಜೇಡ ನೋಡುವುದಕ್ಕೆ” ಎಂದೆ.

ಅವನು ಪಾಸ್‌ಪೋರ್ಟಿನಿಂದ ತಲೆಯೆತ್ತಿದ. ರಾತ್ರಿಯಿಡೀ ವಿಮಾನದಲ್ಲಿ ಕುಳಿತು ಕೆದರಿದ್ದ ನನ್ನ ತಲೆಯನ್ನೂ ಅರ್ಧ ಜಾರಿದ ಸೆರಗನ್ನೂ ನೋಡಿ, “ಬದುಕಿರುವ ಜೇಡವೇ?” ಎಂದ.

“ಇಲ್ಲ. ಸತ್ತು ನೂರು ವರ್ಷದ ಮೇಲಾಯಿತು.”

“ನಿಮ್ಮ ಊರಿನಲ್ಲಿ ಜೇಡಗಳಿಲ್ಲವೇ?”

“ಬೇಕಾದಷ್ಟಿವೆ. ಇದೂ ನಮ್ಮ ಊರಿನದೇ.”

ಅವನು ಇನ್ನೇನೋ ಕೇಳುವವನಿದ್ದ. ನನ್ನ ಹಿಂದಿನ ಸಾಲು ನೋಡಿ ಮನಸ್ಸು ಬದಲಿಸಿ ಮುದ್ರೆ ಒತ್ತಿದ. ಬ್ಯಾಗಿನಲ್ಲಿ ಪತ್ರಗಳಿದ್ದವು, ಜೇಡದ ಹೊಟ್ಟೆಯೊಳಗಿನ ಚಿತ್ರಗಳಿದ್ದವು, ಕಾಲೇಜಿನ ಪ್ರಾಂಶುಪಾಲರ ಸಹಿಯಿತ್ತು. ಒಂದನ್ನಾದರೂ ತೋರಿಸೆಂದು ಕೇಳಿದ್ದರೆ ನನಗೆ ಸಂತೋಷವಾಗುತ್ತಿತ್ತು. ಕೇಳಲಿಲ್ಲ.

ನಾನು ಹೊನ್ನಾವರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುತ್ತಾರೆ. ನನ್ನನ್ನು ಮಾತ್ರ ‘ಜೇಡದ ಅಕ್ಕೋರು’ ಎನ್ನುತ್ತಾರೆ. ಬಸ್ಸಿನ ಕಂಡಕ್ಟರು ಕೂಡ, “ಇವತ್ತು ಯಾವ ಗುಡ್ಡೆ ಅಕ್ಕೋರೆ?” ಎಂದೇ ಟಿಕೆಟ್ ಹರಿಯುವುದು. ಗುಡ್ಡ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ನನ್ನ ಗಂಡ ಮದುವೆಯಾದ ಲಾಗಾಯ್ತು ತಿದ್ದಿಕೊಂಡಿದ್ದಾರೆ. ನನ್ನ ವಿಷಯದಲ್ಲಿ ಇಲಿಯೂ ಇಲ್ಲ, ಬರೀ ಜೇಡ.

ಹೊರಡುವ ಮೊದಲಿನ ಸಂಗತಿ

ಯಾಕೆ ಹೋದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದಿನದಕ್ಕೆ ಅರ್ಥವಿಲ್ಲ.

ಹನ್ನೊಂದು ವರ್ಷದ ಹಿಂದೆ ಕುಮಟಾ ತಾಲೂಕಿನ ಮಿರ್ಜಾನದಲ್ಲಿ, ಅಘನಾಶಿನಿ ಹೊಳೆಯಿಂದ ಸ್ವಲ್ಪ ಮೇಲೆ, ಒಂದು ಮನೆಯ ಹಿಂದೆ ಗೋಡೆಯಂತೆ ಕಡಿದಾಗಿ ನಿಂತ ಮಣ್ಣಿನ ಧರೆಯಲ್ಲಿ ನಾನು ಚೇಳು ಹುಡುಕುತ್ತಿದ್ದೆ. ತರಕಾರಿ ಬೆಳೆದು ಕುಮಟೆಯ ಪೇಟೆಯಲ್ಲಿ ಮಾರುವ ದೇವಮ್ಮ ಎಂಬವರ ಮನೆ ಅದು. ನನಗಿಂತ ಹತ್ತು ವರ್ಷ ದೊಡ್ಡವರು. ಸೊಂಟಕ್ಕೆ ಕೈಕೊಟ್ಟು ಅರ್ಧ ಗಂಟೆ ನನ್ನನ್ನು ನೋಡಿದರು.

“ಎಂತ ಬಿದ್ದೋತು ಅಕ್ಕೋರೆ? ಬೆಂಡೋಲೆಯಾ?”

ಹುಳ ಹುಡುಕುತ್ತಿದ್ದೇನೆ ಎಂದೆ. “ಹುಳ ಬೇಕಾರೆ ಕೇಳೂಕಾಗ್ತಿರ್ಲಿಲ್ಲಾ?” ಎಂದವರೇ, ಹಾವಸೆ ಬೆಳೆದ ಧರೆಯ ಮೇಲೆ ಒಂದು ಜಾಗಕ್ಕೆ ಬೆರಳಿಟ್ಟರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಅವರು ಒಂದು ಹುಲ್ಲುಕಡ್ಡಿ ಕಿತ್ತು ಅದರ ತುದಿಯಿಂದ ಮೆಲ್ಲಗೆ ಕೆರೆದರು. ಹಾವಸೆಯ ತುಣುಕೊಂದು ಮುಚ್ಚಳದ ಹಾಗೆ ಎದ್ದಿತು. ಅಡಿಯಿಂದ ಎರಡು ಕಪ್ಪು ಕಾಲು ಹೊರಬಂದು ಕಡ್ಡಿಯನ್ನು ಮುಟ್ಟಿದವು, ತಿನ್ನುವಂಥದ್ದಲ್ಲ ಎಂದು ತಿಳಿದದ್ದೇ ತಡ, ಟಪ್ಪೆಂದು ಬಾಗಿಲು ಹಾಕಿಕೊಂಡವು.

“ಕದದ ಜ್ಯಾಡ. ನಾ ಮದಿಯಾಗಿ ಬಂದಾಗಿಂದ ಇಲ್ಲೇ ಇತ್ತು” ಎಂದರು ದೇವಮ್ಮ.

ಜೇಡಗಳಲ್ಲಿ ಇವು ಬಹಳ ಹಳೆಯ ಕುಲ. ನಮ್ಮ ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡದ ಹಲ್ಲುಗಳು ಇಕ್ಕಳದ ಹಾಗೆ ಅಡ್ಡ ಕಚ್ಚುತ್ತವೆ. ಇವುಗಳ ಹಲ್ಲು ಗುದ್ದಲಿಯ ಹಾಗೆ ಮೇಲಿನಿಂದ ಕೆಳಗೆ ಬೀಳುತ್ತವೆ. ಬಲೆಯ ಗೊಡವೆಯಿಲ್ಲ. ಮಣ್ಣಿನಲ್ಲಿ ಬಿಲ ತೋಡಿ, ನೂಲಿನ ಅಸ್ತರಿ ಕೊಟ್ಟು, ಮೇಲೊಂದು ಬಾಗಿಲು ಮಾಡಿ, ಅದಕ್ಕೆ ಹಾವಸೆ ಅಂಟಿಸಿ ಒಳಗೆ ಕುಳಿತರೆ ಹೆಣ್ಣು ಜನ್ಮವಿಡೀ ಅಲ್ಲೇ. ಇಪ್ಪತ್ತು ವರ್ಷ ಒಂದೇ ಬಿಲದಲ್ಲಿ ಸಂಸಾರ ಮಾಡಿದರೂ ಆಶ್ಚರ್ಯವಿಲ್ಲ.

ಇಂಥದೇ ಒಂದು ಜೇಡಕ್ಕೆ ಬ್ರಿಟಿಷರ ಕಾಲದ ಒಬ್ಬ ಅರಣ್ಯಾಧಿಕಾರಿಯ ಹೆಸರಿದೆ. ಹಳೆಯ ಪುಸ್ತಕದಲ್ಲಿ ಅದರ ವರ್ಣನೆ ಅರ್ಧ ಪುಟ, ಊರು ‘ಭಟ್ಕಳ’. ಹಾಗಾಗಿ ನಾನು ಭಟ್ಕಳದಲ್ಲೂ ಹುಡುಕಿದೆ. ತೆಂಗಿನಗುಂಡಿಗೆ ಹೋಗುವ ದಾರಿಯಲ್ಲಿ ನನ್ನ ಬಾಲ್ಯದ ಗೆಳತಿ ಜುಬೇದಾಳ ಮನೆಯ ಬಾವಿಕಟ್ಟೆಯ ಪಕ್ಕ ಸಿಕ್ಕಿತು. ನಡುವಿನ ಹೊನ್ನಾವರದಲ್ಲಿ ಮಾತ್ರ ಒಂದೂ ಸಿಗಲಿಲ್ಲ. ನಾನಿರುವ ಊರೇ ಖಾಲಿ.

ಭಟ್ಕಳದ್ದನ್ನೂ ಮಿರ್ಜಾನದ್ದನ್ನೂ ಸೂಕ್ಷ್ಮದರ್ಶಕದ ಅಡಿ ಇಟ್ಟಾಗ ಬೇರೆ ಬೇರೆ ಎಂದು ತಿಳಿಯಿತು. ಹೆಣ್ಣಿನ ಹೊಟ್ಟೆಯಲ್ಲಿ ಗಂಡಿನ ವೀರ್ಯವನ್ನು ಕೂಡಿಡುವ ಎರಡು ಸಣ್ಣ ಚೀಲಗಳಿರುತ್ತವೆ. ಭಟ್ಕಳದ ಜೇಡದಲ್ಲಿ ಅವು ನೆಟ್ಟಗಿದ್ದವು, ಮಿರ್ಜಾನದ್ದರಲ್ಲಿ ತುದಿ ಕವಲೊಡೆದಿತ್ತು. ಲೆಕ್ಕ ಸುಲಭ. ಭಟ್ಕಳದ್ದು ಸಾಹೇಬನ ಜೇಡ, ಮಿರ್ಜಾನದ್ದು ಜಗತ್ತಿಗೇ ಹೊಸದು.

ಹೊಸದೆಂದು ಸಾರಬೇಕಾದರೆ ಒಂದು ಜೀವ ಸ್ಪಿರಿಟ್ಟಿನ ಬಾಟಲಿಗೆ ಹೋಗಲೇಬೇಕು. ನಮ್ಮ ವಿದ್ಯೆಯ ಪದ್ಧತಿ ಅದು. ಎಷ್ಟು ವರ್ಷವಾದರೂ ನನಗೆ ಅದು ಒಗ್ಗಿಲ್ಲ. ಅಗೆಯಲು ಹೋದ ದಿನ ದೇವಮ್ಮ ಹಿತ್ತಲ ಬಾಗಿಲ ಬಳಿಯ ಹಳೆಯ ದೊಡ್ಡ ಬಿಲಕ್ಕೆ ಅಡ್ಡ ನಿಂತು, “ಇದೊಂದ್ ಬಿಡಿ, ಇದು ಅಜ್ಜಿ” ಎಂದು ಬೇರೆಯದನ್ನು ತೋರಿಸಿದ್ದರು. ಆ ಋಣ ನನ್ನ ಮೇಲಿತ್ತು. ಅದಕ್ಕೇ ಹೇಳಿದ್ದೆ, “ದೇವಮ್ಮ, ಇದಕ್ಕೆ ನಿಮ್ಮ ಹೆಸರಿಡುತ್ತೇನೆ.”

“ಹುಳಕ್ಕೆ ನನ್ನ ಹೆಸ್ರಾ? ಎಂತಕೆ, ಸುಮ್ನಿರಿ” ಎಂದು ನಕ್ಕಿದ್ದರು. ಮುಂದಿನ ವಾರ ಕುಮಟೆಯ ಪೇಟೆಗೆ ಹೋದರೆ ತರಕಾರಿ ಸಾಲಿನವರೆಲ್ಲ, “ನಮ್ಮ ದೇವಿ ಹೆಸ್ರು ಪುಸ್ತಕದಲ್ಲಿ ಯಾವಾಗ ಬತ್ತದೆ ಅಕ್ಕೋರೆ?” ಎಂದು ಕೇಳತೊಡಗಿದರು. ಮೊಮ್ಮಗಳ ಶಾಲೆಯಲ್ಲೂ ಹೇಳಿಯಾಗಿತ್ತು. ದೇವಮ್ಮ ಮಾತ್ರ ಬಸಳೆಗೆ ನೀರು ಚಿಮುಕಿಸುತ್ತ ಏನೂ ಕೇಳಿಸದವರ ಹಾಗೆ ಇರುತ್ತಿದ್ದರು. ಹೆಸರು ಬರುತ್ತದೆ ಎಂದು ಅವರು ನಂಬಿಬಿಟ್ಟಿದ್ದಾರೆ ಎಂದು ನನಗೆ ಅಲ್ಲೇ ಗೊತ್ತಾಯಿತು.

ಇನ್ನು ಉಳಿದದ್ದು ಒಂದೇ ಕೆಲಸ. ಸಾಹೇಬ ಇಂಗ್ಲೆಂಡಿನ ಮ್ಯೂಸಿಯಮ್ಮಿಗೆ ಕಳಿಸಿದ ಆ ಮೊದಲ ಜೇಡವನ್ನು ಕಣ್ಣಾರೆ ನೋಡಿ, ನಮ್ಮದು ಅದಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆ ಜೇಡವನ್ನು ಮ್ಯೂಸಿಯಮ್ಮಿನವರು ಪೋಸ್ಟಿನಲ್ಲಿ ಕಳಿಸುವುದಿಲ್ಲ. ನಮ್ಮ ಜೇಡವನ್ನು ದೇಶದಿಂದ ಹೊರಗೆ ಒಯ್ಯುವುದಕ್ಕೆ ನಮ್ಮ ಕಾನೂನು ಸುಲಭಕ್ಕೆ ಬಿಡುವುದಿಲ್ಲ. ಚಿತ್ರಗಳನ್ನು ಕಟ್ಟಿಕೊಂಡು ನಾನೇ ಹೊರಟೆ.

ಮೊದಲ ದಿನ: ಬಾಗಿಲುಗಳು

ಲಿವರ್‌ಪೂಲಿನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಊರು. ಹೆಸರು ಬೇಡ. ಮುಂದೆ ಬರುವ ತಪ್ಪು ಈಗ ಅಲ್ಲಿರುವವರದಲ್ಲದಿದ್ದರೂ ಓದಿದವರು ಅವರದೇ ಎನ್ನುತ್ತಾರೆ. ಅಲ್ಲಿನ ಹಳೆಯ ಮ್ಯೂಸಿಯಮ್ಮಿನಲ್ಲಿ ನನ್ನ ಜೇಡವಿತ್ತು. ಉಳಿದುಕೊಂಡದ್ದು ಜೋನ್ ಎಂಬ ವಿಧವೆಯ ಮನೆಯ ಮಾಳಿಗೆಯ ಕೋಣೆಯಲ್ಲಿ. ಅವರು ಮಾತಾಡುವುದಕ್ಕಿಂತ ಚೀಟಿ ಅಂಟಿಸುವುದು ಹೆಚ್ಚು. ನಲ್ಲಿಯ ಮೇಲೆ ಒಂದು, ಕಿಟಕಿಯ ಮೇಲೆ ಒಂದು, ಫ್ರಿಜ್ಜಿನಲ್ಲಿ ನನ್ನ ತಟ್ಟೆಯ ಮೇಲೂ ಒಂದು. ಬೀದಿಬಾಗಿಲಿನ ಮೇಲೆಯೂ ಒಂದಿತ್ತು. ಅದನ್ನು ಮಾತ್ರ ನಾನು ಓದಿರಲಿಲ್ಲ.

ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ನೈಟಿಯ ಮೇಲೆ ಸ್ವೆಟರ್ ಹಾಕಿ, ಬಿಸಿಲು ಬಂತೇ ನೋಡೋಣವೆಂದು ಹೊರಗೆ ಕಾಲಿಟ್ಟೆ. ಹಿಂದೆ ಬಾಗಿಲು ಟಪ್ಪೆಂದು ತಾನೇ ಬೀಗ ಹಾಕಿಕೊಂಡಿತು. ಕೀಲಿ ಒಳಗೆ, ಚಪ್ಪಲಿ ಒಳಗೆ, ಫೋನ್ ಒಳಗೆ. ಜೋನ್ ಅದಾಗಲೇ ಪೇಟೆಗೆ ಹೋಗಿದ್ದರು. ಬೀದಿಯ ಎರಡೂ ಕಡೆ ಒಂದೇ ನಮೂನೆಯ ಮನೆಗಳು, ಎಲ್ಲವೂ ಮುಚ್ಚಿದ್ದವು. ನಾನು ಚಿಕ್ಕವಳಿದ್ದಾಗ ಅಪ್ಪನ ನೌಕರಿಯಿಂದ ನಾವಿದ್ದ ಕುಮಟೆಯ ಪೋಸ್ಟ್ ಕ್ವಾರ್ಟರ್ಸಿನಲ್ಲಿ ಬಾಗಿಲು ಹಾಕುವುದೆಂದರೆ ರಾತ್ರಿ ಊಟವಾದ ಮೇಲೆ. ಹಗಲಲ್ಲಿ ಹಾಕಿದರೆ, ಯಾರಿಗಾದರೂ ಹುಷಾರಿಲ್ಲವಾ ಎಂದು ನಾಲ್ಕು ಜನ ಬಂದು ಕೇಳುತ್ತಿದ್ದರು.

ಪಕ್ಕದ ಮನೆಯ ಬಾಗಿಲು ತಟ್ಟಿದೆ. ಸರಪಳಿ ಬಿಡುವಷ್ಟೇ ತೆರೆಯಿತು. ಒಂದು ಕಣ್ಣು, ಅರ್ಧ ಕನ್ನಡಕ. ನನ್ನ ಒದ್ದೆ ತಲೆ, ನೈಟಿ, ಬರಿಗಾಲು ನೋಡಿ ಮತ್ತೆ ಮುಚ್ಚಿತು. ದೇವಮ್ಮನ ಹುಲ್ಲುಕಡ್ಡಿಯ ನೆನಪಾಗಿ ಆ ಚಳಿಯಲ್ಲೂ ನಗು ಬಂತು. ಮೆಟ್ಟಿಲ ಮೇಲೆ ಕುಳಿತು ಕಾದೆ. ಹತ್ತು ನಿಮಿಷಕ್ಕೆ ಬಾಗಿಲು ಪುನಃ ಸರಪಳಿಯಷ್ಟು ತೆರೆದು ಒಂದು ಚಹಾದ ಕಪ್ಪು ಹೊರಬಂತು. ಸರಪಳಿ ತೆಗೆಯದೆ ಕಪ್ಪು ತೂರಲಿಲ್ಲ. ಕೊನೆಗೆ ಆ ಮುದುಕ ಸರಪಳಿ ಬಿಚ್ಚಿದ, ಚಹಾ ಕೊಟ್ಟ, ತನ್ನದೊಂದು ಜೊತೆ ದಪ್ಪ ಕಾಲುಚೀಲ ಕೊಟ್ಟ, “ಕ್ಷಮಿಸಿ” ಎಂದ. ಯಾತಕ್ಕೆ ಕ್ಷಮೆ ಎಂದು ತಿಳಿಯಲಿಲ್ಲ. ಅಲ್ಲಿ ಎಲ್ಲದಕ್ಕೂ ಕ್ಷಮೆ ಕೇಳುತ್ತಾರೆ. ಬಸ್ಸಿನಲ್ಲಿ ನಾನು ಅವರ ಕಾಲು ತುಳಿದರೆ ಅವರೇ ನನ್ನ ಕ್ಷಮೆ ಕೇಳುತ್ತಾರೆ, ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಕಡೆ ಇಳಿದ ಮೇಲೆ ಬಸ್ಸಿನ ಬೆನ್ನಿಗೆ ಎರಡು ಬಾರಿಸಿ “ಹೋಯ್, ರೈಟ್!” ಎಂದರೆ ಸೌಜನ್ಯ ಮುಗಿಯಿತು.

ಎರಡನೆಯ ದಿನ: ನೆಲಮಾಳಿಗೆ

ಮ್ಯೂಸಿಯಮ್ಮಿನ ಜೇಡಗಳನ್ನು ನೋಡಿಕೊಳ್ಳುವವಳು ಹೆಲನ್, ನನ್ನ ವಿದ್ಯಾರ್ಥಿಗಳ ವಯಸ್ಸಿನ ಹುಡುಗಿ. ಮೂರು ವರ್ಷದಿಂದ ಪತ್ರ ಬರೆಯುತ್ತಿದ್ದೆವು. ಕಂಡವಳೇ ಅಪ್ಪಿಕೊಂಡು, ನೆಲಮಾಳಿಗೆಗೆ ಕರೆದೊಯ್ದಳು. ಸಾಲು ಸಾಲು ಕಬ್ಬಿಣದ ಕಪಾಟುಗಳು, ಸ್ಪಿರಿಟ್ಟಿನ ವಾಸನೆ. ಯಾವ ದೇಶದ ನೆಲಮಾಳಿಗೆಯಾದರೇನು, ಆ ವಾಸನೆ ಬಂದರೆ ನಾನು ಮನೆಗೆ ಬಂದ ಹಾಗೆಯೇ.

ಬಾಟಲಿಯ ಕೊರಳಿಗೆ ಕೆಂಪು ದಾರ ಕಟ್ಟಿತ್ತು. ಹೆಸರು ಪಡೆದ ಮೊಟ್ಟಮೊದಲ ಜೀವಕ್ಕೆ ಮಾತ್ರ ಕಟ್ಟುವ ದಾರ ಅದು. ಹೊರಗಿನ ಚೀಟಿಯಲ್ಲಿ ಅಚ್ಚಾದ ಅಕ್ಷರ: ಭಟ್ಕಳ, ಕೆನರಾ. ಒಳಗೆ ಅದು ಕಾಲು ಮಡಚಿ ಮಲಗಿತ್ತು. ಬಣ್ಣವೆಲ್ಲ ಹೋಗಿ ಚಹಾದ ಕಷಾಯದ ಹಾಗೆ ಕಂದಾಗಿತ್ತು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಮ್ಮ ಕಡೆಯ ಮಣ್ಣು ತೋಡಿದ ಕಾಲುಗಳು. ಹಡಗು ಹತ್ತಿ ಬಂದು ಈ ಚಳಿ ಊರಿನ ನೆಲಮಾಳಿಗೆಯಲ್ಲಿ ನೂರು ಚಿಲ್ಲರೆ ವರ್ಷ ಕುಳಿತಿದೆ.

ಹೆಲನ್ ನನ್ನೆದುರೇ ನಾಜೂಕಾಗಿ ಹೊಟ್ಟೆಯ ಒಂದು ಚೂರು ಬಿಡಿಸಿ ಗಾಜಿನ ಮೇಲಿಟ್ಟಳು. ಹಿಂದಿನವರು ಯಾರೂ ಬಿಡಿಸಿ ನೋಡಿರಲಿಲ್ಲ. ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ.

ಚೀಲದ ತುದಿ ಕವಲೊಡೆದಿತ್ತು.

ಕಣ್ಣುಜ್ಜಿ ಮತ್ತೆ ನೋಡಿದೆ. ಎಡಗಡೆಯದೂ ಕವಲು, ಬಲಗಡೆಯದೂ ಕವಲು. ದೇವಮ್ಮನ ಧರೆಯ ಜೇಡದ ನನ್ನ ಚಿತ್ರವನ್ನು ಪಕ್ಕಕ್ಕಿಟ್ಟೆ. ಗೆರೆಗೆ ಗೆರೆ ಸಮ.

ಇಂಥ ಹೊತ್ತಿನಲ್ಲಿ ನಮ್ಮಂಥವರಿಗೆ ಮೊದಲು ಬರುವ ಅನುಮಾನ ನಮ್ಮ ಮೇಲೆಯೇ. ಎಲ್ಲೋ ಬಾಟಲಿಗಳನ್ನು ಅದಲುಬದಲು ಮಾಡಿದೆನೇನೋ, ಭಟ್ಕಳದ್ದಕ್ಕೆ ಮಿರ್ಜಾನದ ಚೀಟಿ ಹಾಕಿದೆನೇನೋ. ಹೊರಗೆ ಬಂದು ಮನೆಗೆ ಫೋನು ಮಾಡಿದೆ. ನನ್ನ ಗಂಡ ಬ್ಯಾಂಕಿನವರು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಕಪಾಟನ್ನು ಅವರು ಒಂದು ಸಲವೂ ಮುಟ್ಟಿಲ್ಲ.

“ಕಪಾಟು ತೆಗೀರಿ. ಎರಡನೇ ಸಾಲು. ಮಿರ್ಜಾನ ಹೇಳಿ ಬರೆದ ಬಾಟ್ಲಿ ನೋಡಿ” ಎಂದೆ.

“ನೀನೇ ಬಂದು ನೋಡಲಾಗ್ತಿಲ್ಯನೆ?”

“ಇಂಗ್ಲೆಂಡಿಂದ ಹ್ಯಾಂಗೆ ಬರದು?”

ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಇಕ್ಕಳದಿಂದ ಹಿಡಿದ ಬಾಟಲಿ. ಒಂದೊಂದನ್ನೇ ಕ್ಯಾಮೆರಾಕ್ಕೆ ತೋರಿಸಿ ಚೀಟಿ ಓದಿದರು. “ಇದು ಸತ್ತಿದ್ದು ಹೌದನೆ?” ಎಂದು ಪ್ರತಿ ಬಾಟಲಿಗೂ ಕೇಳಿದರು. ಅದಲುಬದಲು ಏನೂ ಆಗಿರಲಿಲ್ಲ. ಚೀಟಿ, ನೋಟುಬುಕ್ಕು, ಚಿತ್ರ ಎಲ್ಲ ತಾಳೆಯಾದವು. ಹಾಗಾದರೆ ಭಟ್ಕಳದ ಬಾಟಲಿಯೊಳಗೆ ಮಿರ್ಜಾನದ ಜೇಡ ಬಂದದ್ದು ಹೇಗೆ?

ಭಾನುವಾರ: ಕಾಲುವೆ ದಂಡೆ

ಮ್ಯೂಸಿಯಮ್ಮಿಗೆ ರಜೆ. ನನ್ನ ಮುಖ ಕಂಡು ಜೋನ್ ಚೀಟಿ ಬರೆಯದೆ ಬಾಯಿಬಿಟ್ಟೇ ಕರೆದರು, ಒಂದು ಸುತ್ತು ಹೋಗಿ ಬರೋಣವೆಂದು. ಕಾಲುವೆಯ ದಂಡೆಯ ಮೇಲೆ ಮುಚ್ಚಿಹೋದ ಹತ್ತಿ ಗಿರಣಿಗಳು, ಕೆಂಪು ಇಟ್ಟಿಗೆಯವು. ಜೋನ್ ಅವರ ಅಜ್ಜಿ ಅಲ್ಲೊಂದರಲ್ಲಿ ನೂಲು ಸುತ್ತುತ್ತಿದ್ದರಂತೆ. ಒಂದು ಕಾಲದಲ್ಲಿ ನಮ್ಮ ಕುಮಟೆಯ ಬಂದರಿನಿಂದ ಈ ಸೀಮೆಗೆ ಹತ್ತಿ ಬರುತ್ತಿತ್ತು ಎಂದೆ. ಜೋನ್ ‘ಕುಮಟಾ’ ಎಂದು ನಾಲ್ಕು ಸಲ ಹೇಳಿ ನೋಡಿದರು. ನಾಲ್ಕು ಸಲವೂ ತಪ್ಪು ಹೇಳಿ, ನಾಲ್ಕು ಸಲವೂ ಕ್ಷಮೆ ಕೇಳಿದರು.

ಅಲ್ಲೊಂದು ಬೆಂಚಿನ ಮೇಲೆ ಕುಳಿತಾಗ ನನಗೆ ಅಪ್ಪನ ನೆನಪು ಬಂತು. ಅಪ್ಪ ಪೋಸ್ಟ್ ಮಾಸ್ತರರು. ಕುಮಟೆ, ಹೊನ್ನಾವರ, ಭಟ್ಕಳ, ಮತ್ತೆ ಕುಮಟೆ, ಹೀಗೆ ವರ್ಗವಾಗುತ್ತ ನನ್ನ ಬಾಲ್ಯವೆಲ್ಲ ಆ ಮೂರು ಊರುಗಳ ಪೋಸ್ಟ್ ಆಫೀಸಿನ ಹಿಂದಿನ ಕೋಣೆಗಳಲ್ಲೇ ಕಳೆಯಿತು. ಈಗಲೂ ಅರಗಿನ ವಾಸನೆ ಬಂದರೆ ನಾನು ಏಳು ವರ್ಷದವಳು. ಭಟ್ಕಳದಲ್ಲಿ ಜುಬೇದಾಳ ಅಜ್ಜಿ ಈದಿಗೆ ಸೇಮಿಗೆ ಪಾಯಸ ಕಳಿಸುತ್ತಿದ್ದರು. ಅಪ್ಪ ಅದನ್ನು ಎಲ್ಲರೆದುರು ಮುಟ್ಟುತ್ತಿರಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆ ಖಾಲಿಯಾಗಿರುತ್ತಿತ್ತು. ತದಡಿಯಲ್ಲಿ ದೋಣಿ ದಾಟುವಾಗ ಅಂಚೆಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಆ ದಿನಗಳು ಇನ್ನೊಮ್ಮೆ ಸಿಗುವುದಾದರೆ ನಾನು ನನ್ನ ಜೇಡಗಳನ್ನೆಲ್ಲ ಕೊಟ್ಟೇನು.

ಸಂಜೆ ಅಂಚೆಚೀಲ ಬಿಚ್ಚಿದಾಗ ಪತ್ರಗಳ ಮೇಲಿನ ಸೀಲು ನೋಡಿ ಊರು ಹೇಳುವುದು ನನ್ನ ಆಟ. “ಇದು ಭಟ್ಕಳದವರದ್ದು!” ಎಂದು ಕೂಗಿದರೆ, ಪ್ರೀತಿಯಿಂದ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ ಅಪ್ಪ ತಿದ್ದುತ್ತಿದ್ದರು.

“ಸೀಲು ನೋಡಿ ಊರು ಹೇಳಡ ತಂಗಿ. ಬರದ್ದು ಒಂದ್ಕಡೆ, ಡಬ್ಬಿಗೆ ಹಾಕಿದ್ದು ಒಂದ್ಕಡೆ ಇರ್ತು. ಸೀಲು ಡಬ್ಬಿ ಊರು ಮಾತ್ರ ಹೇಳ್ತು.”

ಬೆಂಚಿನಿಂದ ಎದ್ದು ನಿಂತುಬಿಟ್ಟೆ. ಪಕ್ಕದಲ್ಲಿ ಬಾತುಕೋಳಿಗೆ ಬ್ರೆಡ್ಡು ಹಾಕುತ್ತಿದ್ದ ಜೋನ್ ಬೆಚ್ಚಿ, ಎಂದಿನಂತೆ, ಕ್ಷಮೆ ಕೇಳಿದರು.

ಸೋಮವಾರ: ಪೆನ್ಸಿಲ್ ಚೀಟಿ

“ಆ ಅಧಿಕಾರಿಯ ಕಾಗದಪತ್ರ ಏನಾದರೂ ಉಳಿದಿದೆಯೇ?” ಎಂದು ಹೆಲನ್ನಳನ್ನು ಕೇಳಿದೆ.

ಒಂದು ಕಡತ ಸಿಕ್ಕಿತು. ಪಾರ್ಸೆಲ್ಲಿನ ಜೊತೆ ಬಂದ ಪತ್ರದಲ್ಲಿ ಊರಿನ ಮಾತೇ ಇಲ್ಲ, ಮಳೆಯ ಮೇಲೂ ಅಡುಗೆಯವನ ಮೇಲೂ ದೂರು. ಲಕೋಟೆಯ ಮೇಲೆ ಭಟ್ಕಳದ ಸೀಲು. ರಿಜಿಸ್ಟರಿನಲ್ಲಿ ಆಗಿನ ಗುಮಾಸ್ತ ಬರೆದದ್ದೂ ಭಟ್ಕಳ. ಪಾಪ, ಅವನು ಸೀಲು ನೋಡಿ ಊರು ಹೇಳಿದ್ದ.

ಹೆಲನ್ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಜೇಡ ಅಲ್ಲಾಡದಂತೆ ತಳದಲ್ಲಿ ತುರುಕಿದ್ದ, ಮೊನ್ನೆ ನಾವು ಮುಟ್ಟದೆ ಬಿಟ್ಟಿದ್ದ ಹತ್ತಿಯನ್ನು ಹೊರತೆಗೆದಾಗ ಅದರ ನಡುವೆ ಸುರುಳಿ ಸುತ್ತಿದ ಒಂದು ಕಾಗದ, ಬೆಂಕಿಕಡ್ಡಿಯಷ್ಟು ದಪ್ಪ. ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಶಾಯಿಯಲ್ಲಿ ಬರೆದಿದ್ದರೆ ಎಂದೋ ಕರಗಿ ಹೋಗುತ್ತಿತ್ತು. ಪೆನ್ಸಿಲ್ ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ. ಮಳೆಯಲ್ಲಿ ನಿಂತು ಅವಸರದಲ್ಲಿ ಗೀಚಿದ ಅಕ್ಷರ: ‘ಮಿರ್ಜಾನ. ಹೊಳೆ ದಾಟುವಲ್ಲಿನ ಧರೆ. ಬಾಗಿಲಿನ ಮೇಲೆ ಹಾವಸೆ.’

ಸಾಹೇಬ ಮಿರ್ಜಾನದಲ್ಲಿ ಅಗೆದ, ಕರಾವಳಿ ಹಿಡಿದು ತಿರುಗಾಟ ಮಾಡುತ್ತ ಭಟ್ಕಳ ತಲುಪಿದ, ಅಲ್ಲಿ ಪಾರ್ಸೆಲ್ ಕಟ್ಟಿದ. ಇಷ್ಟೇ. ನೂರು ವರ್ಷ ಎಲ್ಲರೂ ಈ ಜೇಡವನ್ನು ಹೊರಗಿನ ಚೀಟಿ ನೋಡಿ ಭಟ್ಕಳದ್ದೆಂದು ನಂಬಿದರು, ನಾನೂ ಸೇರಿ.

“ಅಂದರೆ ನಿಮ್ಮ ಭಟ್ಕಳದ ಜೇಡವೇ ಹೊಸದು!” ಎಂದು ಹೆಲನ್ ಕುಣಿದಳು. “ಅಭಿನಂದನೆ! ಅದಕ್ಕಿನ್ನೂ ಹೆಸರೇ ಇಲ್ಲ!”

ನಾನು ಚೀಟಿಯನ್ನು ಮತ್ತೊಮ್ಮೆ ಓದಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಹೊಸ ಜೇಡ ಸಿಕ್ಕವಳಿಗೆ ಅದು ಹೊಂದುವ ಗಾದೆಯಲ್ಲ. ಆದರೆ ನನ್ನ ಸ್ಥಿತಿ ಅದೇ. ದೇವಮ್ಮನ ಧರೆಯ ಜೇಡಕ್ಕೆ ಹೆಸರಿತ್ತು, ಸಾಹೇಬನ ಹೆಸರು. ಮೊದಲು ಇಟ್ಟ ಹೆಸರೇ ಕಡೆಯತನಕ, ಬದಲಿಸುವಂತಿಲ್ಲ. ನಮ್ಮ ವಿದ್ಯೆಯ ನಿಯಮ. ತರಕಾರಿ ಸಾಲಿನವರು, ಮೊಮ್ಮಗಳ ಶಾಲೆಯವರು, ಏನೂ ಕೇಳಿಸದಂತೆ ನೀರು ಚಿಮುಕಿಸುವ ದೇವಮ್ಮ, ಎಲ್ಲರೂ ಕಣ್ಣೆದುರು ಬಂದರು.

ಹೆಲನ್‌ಗೆ ವಿಷಯ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, “ಅದಕ್ಕೇನು? ಭಟ್ಕಳದ ಜೇಡಕ್ಕೇ ಆ ಹೆಂಗಸಿನ ಹೆಸರು ಇಡಿ. ನಿಯಮಕ್ಕೆ ಅಡ್ಡಿಯಿಲ್ಲ. ಯಾರು ಕೇಳುತ್ತಾರೆ?” ಎಂದಳು.

ಯಾರೂ ಕೇಳುವುದಿಲ್ಲ, ನಿಜ. ವಿಮಾನದಲ್ಲಿ ಬರುವಾಗ ಒಂದು ಹಾಳೆಯ ಮೇಲೆ ಆ ಹೆಸರನ್ನು ಬರೆದೂ ನೋಡಿದೆ. ಚೆಂದ ಕಂಡಿತು. ಹಾಳೆ ಮಡಚಿ ಪರ್ಸಿನಲ್ಲಿಟ್ಟೆ.

ಮಿರ್ಜಾನ

ಮಂಗಳೂರಿನಿಂದ ರೈಲು. ಹೊನ್ನಾವರದಲ್ಲಿ ಪೆಟ್ಟಿಗೆ ಇಳಿಸಿ, ಮಾರನೆಯ ದಿನ ಬೆಳಿಗ್ಗೆಯೇ ಕುಮಟೆಯ ಬಸ್ಸು ಹತ್ತಿ ಮಿರ್ಜಾನಕ್ಕೆ ಹೋದೆ. ತಡಮಾಡಿದರೆ ಧೈರ್ಯ ಉಳಿಯುವುದಿಲ್ಲವೆಂದು ಗೊತ್ತಿತ್ತು.

ದೇವಮ್ಮ ಹರಿವೆ ಸೊಪ್ಪು ಕೀಳುತ್ತಿದ್ದರು. “ಬಂದ್ರಾ ಅಕ್ಕೋರೆ? ಬಡಕಲಾಗಿ ಹೋದ್ರಲ್ಲ. ಅಲ್ಲಿ ಅನ್ನ ಸಿಗೂದಿಲ್ವಾ?” ಎಂದು ಕೈ ಒರೆಸಿಕೊಂಡು ನೀರು ತಂದರು. ನಾನು ನೀರು ಕುಡಿಯದೆ ಎಲ್ಲ ಹೇಳಿದೆ. ಬಾಟಲಿ, ಕವಲು, ಸೀಲು, ಗುಮಾಸ್ತ, ಪೆನ್ಸಿಲ್ ಚೀಟಿ. ಅವರು ಸೊಪ್ಪಿನ ಬೇರಿನ ಮಣ್ಣು ಉದುರಿಸುತ್ತ ಕೇಳಿದರು.

“ಹಂಗಾರೆ ನನ್ನ ಹೆಸ್ರು ಇಲ್ಲ.”

“ಇಲ್ಲ ದೇವಮ್ಮ.”

ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು. ಅವರಿಗೆ ಬೇಸರವಾಯಿತು. ನನಗೆ ಅದು ಕಂಡಿತು. ಮುಚ್ಚಿಡಲು ಅವರೂ ಹೋಗಲಿಲ್ಲ. “ಮೊಮ್ಮಗಳಿಗೆ ಎಂತ ಹೇಳೂದು ಈಗ” ಎಂದು ತಮಗೇ ಹೇಳಿಕೊಂಡರು. ನನಗೆ ಅಳು ಬಂತು. ಐವತ್ತು ದಾಟಿದ ಹೆಂಗಸು, ಹರಿವೆ ಪಾತಿಯ ಮಧ್ಯೆ ನಿಂತು ಅತ್ತೆ.

“ಅಳೂದ್ಯಾಕೆ? ಹುಳ ಸುಳ್ಳಲ್ಲ, ನೀವೂ ಸುಳ್ಳಲ್ಲ” ಎಂದರು.

ಪರ್ಸಿನಿಂದ ಹಾಳೆ ತೆಗೆದೆ. ಭಟ್ಕಳದ್ದಕ್ಕೆ ಅವರ ಹೆಸರಿಡಬಹುದು, ಯಾರೂ ಬೇಡವೆನ್ನುವುದಿಲ್ಲ ಎಂದೆ. ದೇವಮ್ಮ ಹಾಳೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ.

“ನಾ ಭಟ್ಕಳ ಕಂಡವಳಲ್ಲ. ಆ ಜ್ಯಾಡದ ಮಖನೂ ಕಂಡವಳಲ್ಲ. ಅದ್ಕೆ ನನ್ನ ಹೆಸ್ರು ಹಾಕಿದ್ರೆ, ಆ ಗುಮಾಸ್ತ ಮಾಡಿದ್ದೇ ನೀವೂ ಮಾಡ್ದಂಗಾತು. ಅದು ಅಲ್ಲಿಯವ್ರದ್ದು. ಅಲ್ಲಿಯವ್ರಿಗೇ ಇರ್ಲಿ.”

ಹಾಳೆ ಮಡಚಿದೆ. ಆ ಜೇಡಕ್ಕೆ ಭಟ್ಕಳದ ಹೆಸರನ್ನೇ ಇಡುವುದೆಂದು ಅಲ್ಲೇ ತೀರ್ಮಾನವಾಯಿತು.

“ನಮ್ಮದ್ರ ತಪ್ಪು ತಿದ್ದಿ ಬರೀತ್ರಿ ಅಲ್ದಾ? ಊರು ಯಾವ್ದು ಅಂತ ಹಾಕ್ತ್ರಿ?” ಎಂದು ಕೇಳಿದರು.

“ಮಿರ್ಜಾನ. ಕುಮಟಾ ತಾಲೂಕು.”

“ಮಿರ್ಜಾನ ಅಂದ್ರೆ? ಕೋಟೆನೂ ಮಿರ್ಜಾನವೇ, ರೈಲು ಸ್ಟೇಶನ್ನೂ ಮಿರ್ಜಾನವೇ. ಅಲ್ಲೆಲ್ಲ ಇತ್ತಾ ಇದು?”

“ಇಲ್ಲ. ನಾನು ಕಂಡದ್ದು ಈ ಧರೆಯಲ್ಲಿ ಮಾತ್ರ.”

“ಹಂಗಾರೆ ಧರೆ ಹೆಸ್ರು ಬರೀರಿ.”

“ಧರೆಗೆ ಹೆಸರಿದೆಯೇ?”

ದೇವಮ್ಮ ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯುವುದಿಲ್ಲ. ಹನ್ನೊಂದು ವರ್ಷ ಆ ಧರೆಗೆ ಮೂಗು ತಾಗಿಸಿ ಕುಳಿತವಳು ನಾನು. ಪ್ರತಿ ಬಿಲದ ಅಗಲ, ಆಳ, ಬಾಗಿಲಿನ ದಪ್ಪ ಎಲ್ಲ ನನ್ನ ನೋಟುಬುಕ್ಕಿನಲ್ಲಿದೆ. ಅವರ ಮನೆಯಲ್ಲಿ ಎಷ್ಟು ಸಲ ಗಂಜಿ ಉಂಡಿದ್ದೇನೋ ಲೆಕ್ಕವಿಲ್ಲ. ಈ ಜಾಗಕ್ಕೆ ನೀವು ಏನೆನ್ನುತ್ತೀರಿ ಎಂದು ಒಂದು ದಿನವೂ ಕೇಳಿರಲಿಲ್ಲ. ಮ್ಯೂಸಿಯಮ್ಮಿನ ಆ ಗುಮಾಸ್ತನನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದೆ. ಅವನಾದರೂ ಏಳು ಸಮುದ್ರದಾಚೆ ಕುಳಿತು ಬರೆದವನು.

“ಬೊಮ್ಮಿ ಧರೆ. ನಮ್ಮ ಅತ್ತೆಯ ಅತ್ತೆ ಬೊಮ್ಮಿ. ಹುಲ್ಲು ಕೊಯ್ಯೂಕೆ ಹತ್ತಿ, ಮಳೆಗಾಲದಲ್ಲಿ ಜಾರಿ ಬಿದ್ದು ಹೋದ್ಳಂತೆ. ಆವಾಗಿಂದ ಬೊಮ್ಮಿ ಧರೆ ಅಂತ್ಲೇ ಕರೂದು. ಮನೆಯವ್ರು ಬಿಟ್ರೆ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿದ್ದೂ ಇಲ್ಲ.”

ಚೀಲದಿಂದ ನೋಟುಬುಕ್ಕು ತೆಗೆದು, ಜೇಡ ಸಿಕ್ಕ ಸ್ಥಳದ ಮುಂದೆ ನಾನು ಬರೆದಿದ್ದನ್ನು ಹೊಡೆದುಹಾಕಿ ಬರೆದೆ: ‘ಬೊಮ್ಮಿ ಧರೆ, ದೇವಮ್ಮನವರ ಮನೆಯ ಹಿಂದೆ, ಮಿರ್ಜಾನ.’

“ಎಂತ ಬರದ್ರಿ, ಓದಿ” ಎಂದರು. ಓದಿದೆ. “ಇನ್ನೊಂದ್ ಸಲ” ಎಂದರು. ಮತ್ತೆ ಓದಿದೆ. ಒಳಗಿದ್ದ ಮೊಮ್ಮಗಳನ್ನು ಕೂಗಿ ಕರೆದು ನನ್ನೆದುರು ನಿಲ್ಲಿಸಿ, “ಈಗ ಇವ್ಳಿಗೆ ಓದಿ ಹೇಳಿ” ಎಂದರು.